ಕಿರಿದಾದ ಮಾರುಕಟ್ಟೆ, ದೀರ್ಘವಾದ ವ್ಯಾಪಾರ

ಸ್ವೀಡನ್ನಿನ ರಾಜಧಾನಿ ಸ್ಟಾಕ್‌ಹೋಮ್‌ನಲ್ಲಿ ಕಚೇರಿ ಹೊಂದಿರುವ ಪ್ಯಾರಡಾಕ್ಸ್ ಇಂಟರಾಕ್ಟಿವ್ ಎಂಬ ವಿಡಿಯೋ ಗೇಮ್ ಪ್ರಕಾಶನ ಸಂಸ್ಥೆಯ ಪಾಲಿಗೆ 2025ರ ನವೆಂಬರ್ ಒಂದು ವಿಚಿತ್ರ ತಿಂಗಳಾಗಿತ್ತು. ಆ ತಿಂಗಳ 4ರಂದು ಅದು ತನ್ನ ಹಳೆಯ ‘ಯುರೋಪಾ ಯೂನಿವರ್ಸಾಲಿಸ್’ ಸರಣಿಯ ಐದನೆಯ ಆಟವನ್ನು ಬಿಡುಗಡೆ ಮಾಡಿತು. ವರ್ಷಗಟ್ಟಲೆ ಕಾದಿದ್ದ ಗ್ರಾಹಕರೂ ವಿಮರ್ಶಕರೂ ಅದನ್ನು ಆದರದಿಂದಲೇ ಬರಮಾಡಿಕೊಂಡರು. ಅದೇ ತಿಂಗಳಲ್ಲಿ ಸಂಸ್ಥೆಯು ತನ್ನ ಷೇರುದಾರರ ಮುಂದೆ ಇನ್ನೊಂದು ಪ್ರಕಟಣೆಯನ್ನೂ ಇಡಬೇಕಾಯಿತು. ಅಕ್ಟೋಬರ್ 21ರಂದು ಮಾರುಕಟ್ಟೆಗೆ ಬಂದಿದ್ದ ‘ವ್ಯಾಂಪೈರ್: ದಿ ಮಾಸ್ಕರೇಡ್ – ಬ್ಲಡ್‌ಲೈನ್ಸ್ 2’ ಎಂಬ ಆಟದ ಮಾರಾಟವು ನಿರೀಕ್ಷೆಯನ್ನು ಮುಟ್ಟದ ಕಾರಣ, ಅದರ ಬಾಬ್ತು 35.5 ಕೋಟಿ ಸ್ವೀಡಿಷ್ ಕ್ರೋನಗಳನ್ನು, ಎಂದರೆ ರೂಪಾಯಿ ಲೆಕ್ಕದಲ್ಲಿ ಮುನ್ನೂರು ಕೋಟಿಗೂ ಮೀರಿದ ಮೊತ್ತವನ್ನು, ಆಸ್ತಿಯ ಪಟ್ಟಿಯಿಂದ ತೆಗೆದುಹಾಕಲಾಯಿತು.

ಒಂದೇ ಸಂಸ್ಥೆ, ಒಂದೇ ಬಂಡವಾಳ, ಒಂದೇ ಆಡಳಿತ ಮಂಡಳಿ. ಹೀಗಿರುವಾಗ ಒಂದು ಸರಕು ಗೆದ್ದು ಇನ್ನೊಂದು ಸೋತದ್ದೇಕೆ ಎಂಬುದು ಆಟದ ರಸಿಕರಿಗಷ್ಟೇ ಬಿಡಬೇಕಾದ ಪ್ರಶ್ನೆಯಲ್ಲ. ದೊಡ್ಡದೂ ಅಲ್ಲದ, ಚಿಕ್ಕದೂ ಅಲ್ಲದ ಉದ್ಯಮವೊಂದನ್ನು ನಡೆಸುತ್ತಿರುವ ಯಾರಿಗಾದರೂ ಈ ಲೆಕ್ಕಪತ್ರದಲ್ಲಿ ಓದತಕ್ಕ ಅಂಶಗಳಿವೆ.

ಆಟದ ಉದ್ಯಮದಲ್ಲಿ ಮಧ್ಯಮ ಗಾತ್ರದ ಪ್ರಕಾಶಕರ ಗತಿ ಏನಾಗುತ್ತದೆ ಎಂಬುದಕ್ಕೆ ಹಿಂದಿನ ನಿದರ್ಶನಗಳು ಆಶಾದಾಯಕವಾಗಿಲ್ಲ. ಅಮೆರಿಕದ ಟಿಎಚ್‌ಕ್ಯು ಸಂಸ್ಥೆಯು ಮಕ್ಕಳಿಗಾಗಿ ‘ಯುಡ್ರಾ’ ಎಂಬ ಚಿತ್ರ ಬರೆಯುವ ಫಲಕವನ್ನು ತಯಾರಿಸಿ, ಅದು ಒಂದು ಯಂತ್ರದಲ್ಲಿ ಚೆನ್ನಾಗಿ ಮಾರಾಟವಾಯಿತೆಂಬ ಕಾರಣಕ್ಕೆ ಇತರ ಯಂತ್ರಗಳಿಗೂ ರಾಶಿಗಟ್ಟಲೆ ತಯಾರಿಸಿ ಗೋದಾಮಿನಲ್ಲಿ ತುಂಬಿಸಿಕೊಂಡಿತು. ಹತ್ತು ಲಕ್ಷಕ್ಕೂ ಹೆಚ್ಚು ಫಲಕಗಳು ಮಾರಾಟವಾಗದೆ ಉಳಿದವು. 2012ರ ಡಿಸೆಂಬರಿನಲ್ಲಿ ಸಂಸ್ಥೆ ದಿವಾಳಿ ಅರ್ಜಿ ಸಲ್ಲಿಸಿತು. ಅದರ ಹೆಸರನ್ನು ಕೊಂಡವರು ಸ್ವೀಡನ್ನಿನ ಕಾರ್ಲ್‌ಸ್ಟಾಡ್ ಊರಿನ ಉದ್ಯಮಿಗಳು. ಮುಂದೆ ಎಂಬ್ರೇಸರ್ ಗ್ರೂಪ್ ಎಂದು ಹೆಸರು ಬದಲಿಸಿಕೊಂಡ ಆ ಸಂಸ್ಥೆಯು ಸಾಲದ ಹಣದಿಂದ ಸಾಲುಸಾಲಾಗಿ ಸ್ಟುಡಿಯೋಗಳನ್ನು ಕೊಳ್ಳುತ್ತ ಹೋಯಿತು. 2023ರ ಮೇ ತಿಂಗಳಲ್ಲಿ ನೂರಾರು ಕೋಟಿ ಡಾಲರ್ ಮೌಲ್ಯದ ಒಪ್ಪಂದವೊಂದು ಕೈತಪ್ಪಿದೊಡನೆ ಅದು ತಾನು ಕೊಂಡದ್ದನ್ನೇ ಮುಚ್ಚುವ, ಮಾರುವ ಸ್ಥಿತಿಗೆ ಬಂದಿತು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆ ಉತ್ತರ ಯುರೋಪಿನಲ್ಲಿ ಚಾಲ್ತಿಯಲ್ಲಿಲ್ಲವೆಂದು ತೋರುತ್ತದೆ.

ಪ್ಯಾರಡಾಕ್ಸ್ ಈ ದಾರಿ ಹಿಡಿಯಲಿಲ್ಲ. ಹಿಡಿಯದಿದ್ದುದೇ ಅದರ ಬಹುಕಾಲದ ಬಲ. ಅತ್ತ ಒಂದೆರಡು ಹೆಜ್ಜೆ ಇಟ್ಟದ್ದೇ ಅದರ ಇತ್ತೀಚಿನ ನಷ್ಟ.

ನಕ್ಷೆಯ ಮೇಲೆ ಕಟ್ಟಿದ ವ್ಯಾಪಾರ

ಈ ಸಂಸ್ಥೆಯ ಮೂಲ ಟಾರ್ಗೆಟ್ ಗೇಮ್ಸ್ ಎಂಬ ಸ್ವೀಡಿಷ್ ಕಂಪನಿ. ಅದು ಮೇಜಿನ ಮೇಲೆ ಆಡುವ ಪಾತ್ರಾಭಿನಯದ ಆಟಗಳನ್ನು ಪ್ರಕಟಿಸುತ್ತಿತ್ತು. ತೊಂಬತ್ತರ ದಶಕದ ಕೊನೆಯಲ್ಲಿ ಆ ಕಂಪನಿ ಕುಸಿದಾಗ ಅದರ ಕಂಪ್ಯೂಟರ್ ವಿಭಾಗ ಬೇರೆಯಾಗಿ ಉಳಿದುಕೊಂಡಿತು. ಫ್ರಾನ್ಸಿನ ಫಿಲಿಪ್ ತಿಬೋ ಎಂಬವರು ರಚಿಸಿದ್ದ, ಆಡಿ ಮುಗಿಸಲು ದಿನಗಟ್ಟಲೆ ಹಿಡಿಯುತ್ತಿದ್ದ ಒಂದು ಮೇಜಿನಾಟವನ್ನು ಈ ವಿಭಾಗದವರು ಕಂಪ್ಯೂಟರಿಗೆ ಇಳಿಸಿದರು. 2000ದಲ್ಲಿ ಬಂದ ‘ಯುರೋಪಾ ಯೂನಿವರ್ಸಾಲಿಸ್’ ಅದೇ. 2004ರಲ್ಲಿ ಆಡಳಿತ ವರ್ಗದವರೇ ಆಟದ ವ್ಯವಹಾರವನ್ನು ಕೊಂಡು ಪ್ಯಾರಡಾಕ್ಸ್ ಇಂಟರಾಕ್ಟಿವ್ ಎಂಬ ಪ್ರತ್ಯೇಕ ಸಂಸ್ಥೆಯನ್ನಾಗಿ ಮಾಡಿದರು. 2009ರಿಂದ ಅದರ ಚುಕ್ಕಾಣಿ ಹಿಡಿದ ಫ್ರೆಡ್ರಿಕ್ ವೆಸ್ಟರ್ ಇಂದಿಗೂ ಅದರ ಅತಿದೊಡ್ಡ ಷೇರುದಾರರಲ್ಲೊಬ್ಬರು. 2018ರಲ್ಲಿ ಬಿಟ್ಟುಕೊಟ್ಟಿದ್ದ ಮುಖ್ಯ ಕಾರ್ಯನಿರ್ವಾಹಕ ಸ್ಥಾನಕ್ಕೆ ಅವರು 2021ರಲ್ಲಿ ಮರಳಿ ಬಂದರು.

ಈ ಸಂಸ್ಥೆಯ ಆಟಗಳನ್ನು ಮೊದಲ ಬಾರಿಗೆ ಕಂಡವರಿಗೆ ಅವು ಆಟಗಳೆಂದೇ ತೋರುವುದಿಲ್ಲ. ಪರದೆಯ ಮೇಲೆ ಒಂದು ಭೂಪಟ, ಅದರ ಸುತ್ತ ಅಂಕಿಸಂಖ್ಯೆಗಳ ಕೋಷ್ಟಕಗಳು, ನಿಧಾನವಾಗಿ ಸರಿಯುವ ದಿನಾಂಕ. ಬಂದೂಕು ಹಿಡಿದು ಓಡುವ ನಾಯಕನಿಲ್ಲ, ಗೆಲುವಿನ ತುತ್ತೂರಿಯೂ ಇಲ್ಲ. ‘ಯುರೋಪಾ ಯೂನಿವರ್ಸಾಲಿಸ್’ನ ನಾಲ್ಕನೆಯ ಆವೃತ್ತಿಯು 1444ರ ನವೆಂಬರ್ 11ರಂದು ಆರಂಭವಾಗುತ್ತದೆ, ಆಡುವವನು ಅಂದು ಭೂಮಿಯ ಮೇಲಿದ್ದ ನೂರಾರು ರಾಜ್ಯಗಳಲ್ಲಿ ಒಂದನ್ನು ಆಯ್ದುಕೊಂಡು ನಾಲ್ಕು ಶತಮಾನಗಳ ಕಾಲ ಅದರ ಬೊಕ್ಕಸ, ಸೈನ್ಯ, ಧರ್ಮನೀತಿ, ವ್ಯಾಪಾರ ಇವುಗಳನ್ನು ನೋಡಿಕೊಳ್ಳಬೇಕು. ಆ ರಾಜ್ಯಗಳಲ್ಲಿ ವಿಜಯನಗರವೂ ಒಂದು. ಆ ದಿನಾಂಕದಲ್ಲಿ ಸಿಂಹಾಸನದ ಮೇಲಿರುವವನು ಇಮ್ಮಡಿ ದೇವರಾಯ. 2018ರಲ್ಲಿ ‘ಧರ್ಮ’ ಎಂಬ ಹೆಸರಿನ ಪುರವಣಿಯೊಂದನ್ನು ಭಾರತ ಉಪಖಂಡದ ರಾಜ್ಯಗಳಿಗಾಗಿಯೇ ಹೊರತರಲಾಯಿತು. ಹೊಸದಾಗಿ ಬಂದಿರುವ ಐದನೆಯ ಆವೃತ್ತಿಯು 1337ರ ಏಪ್ರಿಲ್ 1ರಿಂದ, ಎಂದರೆ ವಿಜಯನಗರದ ಸ್ಥಾಪನೆಯ ವರ್ಷವೆಂದು ಸಾಂಪ್ರದಾಯಿಕವಾಗಿ ಹೇಳಲಾಗುವ 1336ರ ಮರುವರ್ಷದಿಂದ ಆರಂಭವಾಗುತ್ತದೆ.

ವಾಣಿಜ್ಯದ ಓದುಗರಿಗೆ ಕುತೂಹಲ ಹುಟ್ಟಿಸುವ ಅಂಶವೊಂದು ನಾಲ್ಕನೆಯ ಆವೃತ್ತಿಯಲ್ಲಿದೆ. ಅದರಲ್ಲಿ ಪ್ರಪಂಚದ ವ್ಯಾಪಾರವೆಲ್ಲ ಕೆಲವು ಕೇಂದ್ರಗಳ ಮೂಲಕ ಹರಿಯುತ್ತದೆ. ಆ ಹರಿವಿನ ದಿಕ್ಕು ಮಾತ್ರ ಮೊದಲೇ ನಿಗದಿಯಾಗಿದೆ. ಎಲ್ಲ ಕಾಲುವೆಗಳೂ ಕೊನೆಗೆ ವೆನಿಸ್, ಜಿನೋವಾ ಅಥವಾ ಇಂಗ್ಲಿಷ್ ಕಡಲ್ಗಾಲುವೆಗೆ ಬಂದು ಸೇರುತ್ತವೆ. ಹಂಪೆಯ ಅರಸನು ಎಷ್ಟೇ ಬಲಿಷ್ಠನಾಗಲಿ, ಎಷ್ಟೇ ಹಡಗುಗಳನ್ನು ಕಟ್ಟಿಸಲಿ, ಲಂಡನ್ನಿನ ಸರಕನ್ನು ಪಶ್ಚಿಮ ಕರಾವಳಿಗೆ ತಿರುಗಿಸಿಕೊಳ್ಳುವ ಉಪಾಯವಿಲ್ಲ. ವಸಾಹತುಶಾಹಿಯ ಫಲಿತಾಂಶವನ್ನು ನಿಸರ್ಗನಿಯಮವೆಂಬಂತೆ ಆಟದೊಳಗೆ ಹೊಲಿದಿಟ್ಟದ್ದು ಒಂದು ದೊಡ್ಡ ಲೋಪವೇ ಸರಿ. ಇದನ್ನು ಆಡುವವರೇ ವರ್ಷಾನುಗಟ್ಟಲೆ ಎತ್ತಿ ತೋರಿಸಿದರು. ಐದನೆಯ ಆವೃತ್ತಿಯಲ್ಲಿ ಸರಕು ಮತ್ತು ಮಾರುಕಟ್ಟೆಗಳ ವ್ಯವಸ್ಥೆಯನ್ನು ಬುಡದಿಂದ ಬೇರೆಯಾಗಿ ಕಟ್ಟಲಾಯಿತು.

ಇತರ ಸರಣಿಗಳ ಬಗೆಗೆ ಸಂಕ್ಷೇಪವಾಗಿ ಹೇಳಬಹುದು. ‘ಕ್ರುಸೇಡರ್ ಕಿಂಗ್ಸ್’ನಲ್ಲಿ ಆಡುವವನು ರಾಜ್ಯವನ್ನಲ್ಲ, ಒಂದು ವಂಶವನ್ನು ಸಾಕುತ್ತಾನೆ, ಮದುವೆ, ದಾಯಾದಿ ಮತ್ಸರ, ಆಸ್ತಿ ವಿಭಾಗ ಇವೇ ಅಲ್ಲಿನ ಯುದ್ಧಗಳು. ಅವಿಭಕ್ತ ಕುಟುಂಬದ ಪಾಲುದಾರಿಕೆಯನ್ನು ಕಂಡ ಯಾವ ವರ್ತಕನಿಗೂ ಈ ಆಟದ ನಿಯಮಗಳನ್ನು ವಿವರಿಸುವ ಅಗತ್ಯ ಬೀಳುವುದಿಲ್ಲ. ‘ವಿಕ್ಟೋರಿಯಾ’ 19ನೆಯ ಶತಮಾನದ ಕೈಗಾರಿಕಾ ಕ್ರಾಂತಿಯ ಕಥೆ; ಕಬ್ಬಿಣ, ಕಲ್ಲಿದ್ದಲು, ಬಟ್ಟೆ ಇವುಗಳ ಬೆಲೆಗಳು ಬೇಡಿಕೆ ಮತ್ತು ಪೂರೈಕೆಗೆ ತಕ್ಕಂತೆ ಏರಿಳಿಯುತ್ತವೆ. ‘ಹಾರ್ಟ್ಸ್ ಆಫ್ ಐರನ್’ ಎರಡನೆಯ ಮಹಾಯುದ್ಧದ ಆಟವಾದರೂ ಅದರ ಹೃದಯವಿರುವುದು ಕಾರ್ಖಾನೆಯಲ್ಲಿ: ಒಂದೇ ಮಾದರಿಯ ಟ್ಯಾಂಕನ್ನು ದೀರ್ಘಕಾಲ ತಯಾರಿಸುತ್ತ ಹೋದರೆ ಉತ್ಪಾದನಾ ದಕ್ಷತೆ ಏರುತ್ತದೆ, ಮಾದರಿ ಬದಲಿಸಿದರೆ ಇಳಿಯುತ್ತದೆ. ಪೀಣ್ಯದ ಯಾವುದೇ ಕಾರ್ಖಾನೆಯ ಉಸ್ತುವಾರಿ ನೌಕರನು ಇದನ್ನು ಒಪ್ಪದೆ ಇರಲಾರ. ‘ಸ್ಟೆಲಾರಿಸ್’ 2016ರಲ್ಲಿ ಇದೇ ವಿಧಾನವನ್ನು ಆಕಾಶಕ್ಕೆ ಒಯ್ದಿತು.

ಅಂಗಡಿಯ ಕಪಾಟು ಮತ್ತು ಡೌನ್‌ಲೋಡ್

ಇಂಥ ಆಟಗಳಿಗೆ ಯಾವ ದೇಶದಲ್ಲಿಯೂ ಗಿರಾಕಿಗಳ ದಂಡು ಇಲ್ಲ. ಪ್ರತಿ ನಗರದಲ್ಲಿಯೂ ಕೆಲವರು ಇದ್ದಾರೆ. ಪೆಟ್ಟಿಗೆಯಲ್ಲಿಟ್ಟು ಮಾರುವ ಕಾಲದಲ್ಲಿ ಈ ಕೆಲವರಿಗಾಗಿ ಅಂಗಡಿಯವನು ಕಪಾಟಿನಲ್ಲಿ ಜಾಗ ಕೊಡುತ್ತಿರಲಿಲ್ಲ. ಕೊಟ್ಟರೂ ಮೂರು ವಾರದಲ್ಲಿ ಹಿಂತೆಗೆಯುತ್ತಿದ್ದ. ಮುದ್ರಣ, ಸಾಗಣೆ, ಅಂಗಡಿಯ ಪಾಲು, ವಾಪಸಾದ ಮಾಲು ಇವೆಲ್ಲ ಕಳೆದು ಪ್ರಕಾಶಕನ ಕೈಗೆ ಬರುತ್ತಿದ್ದುದು ಅಲ್ಪ. ಪ್ಯಾರಡಾಕ್ಸ್ 2006ರಲ್ಲಿಯೇ ತನ್ನದೇ ಆದ ಡೌನ್‌ಲೋಡ್ ಮಾರಾಟ ವ್ಯವಸ್ಥೆಯನ್ನು ಆರಂಭಿಸಿತು. ಅದು ಮುಂದೆ ಗೇಮರ್ಸ್‌ಗೇಟ್ ಎಂಬ ಹೆಸರಿನಿಂದ ಪ್ರತ್ಯೇಕ ಸಂಸ್ಥೆಯಾಯಿತು. ಅಷ್ಟು ಹೊತ್ತಿಗೆ ವಾಲ್ವ್ ಸಂಸ್ಥೆಯ ಸ್ಟೀಮ್ ಕೂಡ ಬೆಳೆಯತೊಡಗಿತ್ತು. ಕಪಾಟಿಗೆ ಕೊನೆಯೇ ಇಲ್ಲದಂತಾದಾಗ ನೂರು ದೇಶಗಳಲ್ಲಿ ಚದುರಿಹೋಗಿದ್ದ ಆ ಕೆಲವರು ಒಟ್ಟುಗೂಡಿ ಲಕ್ಷಗಳಾದರು. ದೊಡ್ಡ ಪ್ರಕಾಶಕರು ಅಂಗಡಿ ಸರಣಿಗಳೊಡನೆ ಮನಸ್ತಾಪ ಬೇಡವೆಂದು ಹಿಂಜರಿಯುತ್ತಿದ್ದ ದಿನಗಳಲ್ಲಿ ಕಳೆದುಕೊಳ್ಳಲು ಹೆಚ್ಚೇನೂ ಇಲ್ಲದ ಈ ಸಂಸ್ಥೆ ಮೊದಲು ನೆಗೆಯಿತು.

ಎರಡನೆಯ ಬದಲಾವಣೆ ಆದಾಯದ ಸ್ವರೂಪದ್ದು. 2012ರ ಫೆಬ್ರವರಿಯಲ್ಲಿ ‘ಕ್ರುಸೇಡರ್ ಕಿಂಗ್ಸ್ 2’ ಬಂದಾಗ ಅದರಲ್ಲಿ ಕ್ರೈಸ್ತ ಅರಸರಾಗಿ ಮಾತ್ರ ಆಡಲು ಸಾಧ್ಯವಿತ್ತು. ಕೆಲವೇ ತಿಂಗಳಲ್ಲಿ ಮುಸ್ಲಿಂ ಅರಸರಿಗಾಗಿ ಒಂದು ಪುರವಣಿ, ಬಳಿಕ ವರ್ತಕ ಗಣರಾಜ್ಯಗಳಿಗಾಗಿ ಇನ್ನೊಂದು, 2014ರಲ್ಲಿ ‘ರಾಜಾಸ್ ಆಫ್ ಇಂಡಿಯಾ’ ಎಂಬ ಹೆಸರಿನಲ್ಲಿ ಹಿಂದೂ, ಬೌದ್ಧ, ಜೈನ ಅರಸರಿಗಾಗಿ ಮತ್ತೊಂದು, ಹೀಗೆ ಏಳು ವರ್ಷಗಳಷ್ಟು ಕಾಲ ಸಾಲಾಗಿ ಬಂದವು. 2019ರಲ್ಲಿ ಮೂಲ ಆಟವನ್ನೇ ಪುಕ್ಕಟೆಯಾಗಿ ಕೊಟ್ಟುಬಿಡಲಾಯಿತು. ಅಷ್ಟು ಹೊತ್ತಿಗೆ ವ್ಯಾಪಾರ ಪುರವಣಿಗಳಲ್ಲಿತ್ತು. ಚಲನಚಿತ್ರದಂತೆ ಮೊದಲ ವಾರದ ಗಲ್ಲಾಪೆಟ್ಟಿಗೆಯನ್ನು ನಂಬಿ ಬದುಕುವ ಉದ್ಯಮದಲ್ಲಿ, ಒಂದು ಸರಕನ್ನು ಹತ್ತು ವರ್ಷ ದುಡಿಸಿಕೊಳ್ಳುವ ಈ ಪದ್ಧತಿ ತೋಟಗಾರಿಕೆಗೆ ಹತ್ತಿರವಾದದ್ದು.

ಫಲಿತಾಂಶ ಅಂಕಿಗಳಲ್ಲಿದೆ. 2016ರ ಮೇ ತಿಂಗಳಲ್ಲಿ ಸಂಸ್ಥೆಯು ಸ್ಟಾಕ್‌ಹೋಮ್‌ನ ನಾಸ್ಡಾಕ್ ಫಸ್ಟ್ ನಾರ್ತ್ ಷೇರುಪೇಟೆಗೆ ಬಂದಾಗ ಷೇರಿನ ಬೆಲೆ 33 ಕ್ರೋನ. ಆ ವರ್ಷದ ಆದಾಯ ಸುಮಾರು 65 ಕೋಟಿ ಕ್ರೋನ. 2020ರಲ್ಲಿ ಅದು ಸುಮಾರು 179 ಕೋಟಿ. 2023ರಲ್ಲಿ 264 ಕೋಟಿಯಷ್ಟು. ಏಳು ವರ್ಷಗಳಲ್ಲಿ ನಾಲ್ಕು ಪಟ್ಟು. ಈ ಬೆಳವಣಿಗೆಯ ಬಹುಭಾಗ ಹೊಸ ಗಿರಾಕಿಗಳನ್ನು ಹುಡುಕಿಕೊಂಡು ಹೊಸ ಬೀದಿಗೆ ಹೋದದ್ದರಿಂದ ಬಂದದ್ದಲ್ಲ. ಹಳೆಯ ಗಿರಾಕಿ ಮತ್ತೆ ಮತ್ತೆ ಬಂದದ್ದರಿಂದ.

ತಾಂಪೆರೆಯ ಸ್ಟುಡಿಯೋ

ತನ್ನ ಮನೆಯ ಆಟಗಳಿಗಿಂತ ಹೊರಗಿನವರ ಆಟವೊಂದು ಈ ಸಂಸ್ಥೆಗೆ ಹೆಚ್ಚು ಹೆಸರು ತಂದಿತು. ಫಿನ್ಲೆಂಡಿನ ತಾಂಪೆರೆ ನಗರದ ಕಲಾಸಲ್ ಆರ್ಡರ್ ಎಂಬ ಪುಟ್ಟ ಸ್ಟುಡಿಯೋ 2011ರಲ್ಲಿ ‘ಸಿಟೀಸ್ ಇನ್ ಮೋಷನ್’ ಎಂಬ ನಗರ ಸಾರಿಗೆಯ ಆಟವನ್ನು ಪ್ಯಾರಡಾಕ್ಸ್ ಮೂಲಕ ಪ್ರಕಟಿಸಿತ್ತು. ಪೂರ್ಣಪ್ರಮಾಣದ ನಗರ ನಿರ್ಮಾಣದ ಆಟ ಮಾಡಬೇಕೆಂಬುದು ಅವರ ಬಯಕೆ. ಆದರೆ ಆ ಕ್ಷೇತ್ರದಲ್ಲಿ ಎಲೆಕ್ಟ್ರಾನಿಕ್ ಆರ್ಟ್ಸ್ ಎಂಬ ದೈತ್ಯ ಸಂಸ್ಥೆಯ ‘ಸಿಮ್‌ಸಿಟಿ’ ಇದ್ದಾಗ ಪ್ರಕಾಶಕರು ಒಪ್ಪಲಿಲ್ಲ. 2013ರ ಮಾರ್ಚಿನಲ್ಲಿ ಹೊಸ ‘ಸಿಮ್‌ಸಿಟಿ’ ಬಂದಿತು. ಒಬ್ಬನೇ ಕುಳಿತು ಆಡುವವನಿಗೂ ಇಂಟರ್‌ನೆಟ್ ಸಂಪರ್ಕ ಕಡ್ಡಾಯವೆಂದು ಮಾಡಿದ್ದರು. ಹಣ ಕೊಟ್ಟವರು ಸರ್ವರ್ ಬಾಗಿಲಲ್ಲಿ ಸರದಿ ನಿಂತರು. ಒಳಹೊಕ್ಕವರಿಗೆ ದೊರೆತದ್ದು ಅತಿ ಚಿಕ್ಕ ನಿವೇಶನ.

ತೆರವಾದ ಜಾಗವನ್ನು ಪ್ಯಾರಡಾಕ್ಸ್ ಕೂಡಲೇ ಗುರುತಿಸಿತು. ಹದಿಮೂರು ಮಂದಿಯಷ್ಟಿದ್ದ ತಂಡವೊಂದು ನಿರ್ಮಿಸಿದ ‘ಸಿಟೀಸ್: ಸ್ಕೈಲೈನ್ಸ್’ 2015ರ ಮಾರ್ಚ್ 10ರಂದು ಬಂದಿತು, ಒಂದು ದಿನದಲ್ಲಿ ಎರಡೂವರೆ ಲಕ್ಷ, ಒಂದು ತಿಂಗಳಲ್ಲಿ ಹತ್ತು ಲಕ್ಷ ಪ್ರತಿಗಳು ಮಾರಾಟವಾದವು. 2022ರ ಹೊತ್ತಿಗೆ ಸಂಖ್ಯೆ 1 ಕೋಟಿ 20 ಲಕ್ಷಕ್ಕೆ ಏರಿತ್ತು. ಇಂಟರ್‌ನೆಟ್ ಕಡ್ಡಾಯವಿರಲಿಲ್ಲ, ನಿವೇಶನ ವಿಶಾಲವಾಗಿತ್ತು, ಆಡುವವರು ತಾವೇ ಕಟ್ಟಡಗಳನ್ನು ರಚಿಸಿ ಸೇರಿಸಲು ಅವಕಾಶವಿತ್ತು. ಎದುರಾಳಿಯ ತಪ್ಪುಗಳನ್ನು ಒಂದೊಂದಾಗಿ ಓದಿ ಉತ್ತರ ಬರೆದಂತಿತ್ತು ಆ ಆಟ.

ಇದೇ ಕಾಲದಲ್ಲಿ ಟರ್ಕಿಯ ಅಂಕಾರಾದ ಟೇಲ್‌ವರ್ಲ್ಡ್ಸ್ ಸಂಸ್ಥೆಯ ‘ಮೌಂಟ್ ಅಂಡ್ ಬ್ಲೇಡ್’ (2008), ಸ್ವೀಡನ್ನಿನ ವಿದ್ಯಾರ್ಥಿಗಳ ತಂಡವಾಗಿದ್ದ ಆ್ಯರೋಹೆಡ್‌ನ ‘ಮ್ಯಾಜಿಕಾ’ (2011), ಬಲ್ಗೇರಿಯದ ಹೇಮಿಮಾಂಟ್‌ನ ‘ಸರ್ವೈವಿಂಗ್ ಮಾರ್ಸ್’ (2018) ಇವೂ ಇದೇ ಪ್ರಕಾಶಕರ ಮೂಲಕ ಬಂದವು. ಬೇರೆ ಯಾವ ದೊಡ್ಡ ಪ್ರಕಾಶಕರೂ ಬಾಗಿಲು ತೆರೆಯದಿದ್ದ ತಂಡಗಳಿಗೆ ಈ ಬಾಗಿಲು ತೆರೆದಿತ್ತು ಎಂಬುದನ್ನು ಪ್ಯಾರಡಾಕ್ಸ್‌ನ ಟೀಕಾಕಾರರೂ ಒಪ್ಪುತ್ತಾರೆ. ಆ್ಯರೋಹೆಡ್‌ನ ಅದೇ ಹುಡುಗರು ಮುಂದೆ ಸೋನಿ ಸಂಸ್ಥೆಗಾಗಿ 2024ರಲ್ಲಿ ‘ಹೆಲ್‌ಡೈವರ್ಸ್ 2’ ಮಾಡಿ ಜಗತ್ಪ್ರಸಿದ್ಧರಾದರು.

ಬೇರೆ ಬೀದಿಯಲ್ಲಿ ಅಂಗಡಿ

ಷೇರುಪೇಟೆಗೆ ಬಂದ ಮೇಲೆ ಪ್ರತಿ ಮೂರು ತಿಂಗಳಿಗೊಮ್ಮೆ ಬೆಳವಣಿಗೆಯನ್ನು ತೋರಿಸಬೇಕಾದ ಒತ್ತಡವಿರುತ್ತದೆ. ಕೈಯಲ್ಲಿ ಹಣವಿತ್ತು. 2015ರಲ್ಲಿ ವೈಟ್ ವುಲ್ಫ್ ಎಂಬ ಹೆಸರಾಂತ ಪಾತ್ರಾಭಿನಯ ಆಟಗಳ ಸಂಸ್ಥೆಯನ್ನು ಕೊಂಡು, ಅದರ ರಕ್ತಪಿಶಾಚಿಗಳ ಕಥಾಲೋಕವನ್ನು ದುಡಿಸಿಕೊಳ್ಳಲು ಯೋಜಿಸಲಾಯಿತು. ‘ಬ್ಲಡ್‌ಲೈನ್ಸ್ 2’ 2019ರ ಮಾರ್ಚಿನಲ್ಲಿ ಘೋಷಣೆಯಾಯಿತು. 2021ರಲ್ಲಿ ಅದನ್ನು ತಯಾರಿಸುತ್ತಿದ್ದ ಅಮೆರಿಕದ ಸ್ಟುಡಿಯೋದಿಂದ ಕೆಲಸವನ್ನು ಹಿಂತೆಗೆದುಕೊಳ್ಳಲಾಯಿತು. ಬಳಿಕ ಬ್ರಿಟನ್ನಿನ ಇನ್ನೊಂದು ಸ್ಟುಡಿಯೋ ಅದನ್ನು ಬಹುತೇಕ ಹೊಸದಾಗಿ ಮಾಡಿತು. ಘೋಷಣೆಯಿಂದ ಬಿಡುಗಡೆಗೆ ಆರೂವರೆ ವರ್ಷ. ಇದರ ಜೊತೆಯಲ್ಲಿಯೇ 2018ರಲ್ಲಿ 75 ಲಕ್ಷ ಡಾಲರ್ ಕೊಟ್ಟು ಕೊಂಡ ಸಿಯಾಟಲ್ ನಗರದ ಹೇರ್‌ಬ್ರೇನ್ಡ್ ಸ್ಕೀಮ್ಸ್ 2023ರಲ್ಲಿ ತಂದ ‘ದಿ ಲ್ಯಾಂಪ್‌ಲೈಟರ್ಸ್ ಲೀಗ್’ ಸೋತಿತು; 32 ಕೋಟಿ ಕ್ರೋನ ಲೆಕ್ಕದಿಂದ ಹೋಯಿತು, ಸ್ಟುಡಿಯೋದ ಹೆಚ್ಚಿನ ನೌಕರರು ಕೆಲಸ ಕಳೆದುಕೊಂಡರು. ಮನೆವಾರ್ತೆಯ ಆಟವಾಗಿ ‘ದಿ ಸಿಮ್ಸ್’ಗೆ ಸ್ಪರ್ಧೆ ಒಡ್ಡಬೇಕಾಗಿದ್ದ ‘ಲೈಫ್ ಬೈ ಯು’ 2024ರ ಜೂನ್‌ನಲ್ಲಿ ಬಿಡುಗಡೆಗೆ ಮೊದಲೇ ರದ್ದಾಯಿತು, ಅದನ್ನು ಮಾಡುತ್ತಿದ್ದ ಸ್ಟುಡಿಯೋ ಮುಚ್ಚಿತು.

ಲೆಕ್ಕಪತ್ರದ ವಿಧಾನವೊಂದನ್ನು ಇಲ್ಲಿ ಗಮನಿಸಬೇಕು. ಆಟವೊಂದು ತಯಾರಿಕೆಯಲ್ಲಿರುವಷ್ಟು ಕಾಲ ಅದರ ಮೇಲೆ ಸುರಿದ ಸಂಬಳ, ಬಾಡಿಗೆ ಎಲ್ಲವೂ ಖರ್ಚಾಗಿ ಕಾಣಿಸದೆ ಆಸ್ತಿಯಾಗಿ ಜಮೆಯಾಗುತ್ತ ಹೋಗುತ್ತದೆ. ಐದಾರು ವರ್ಷ ಎಳೆದ ಕೆಲಸ ಕಾಗದದ ಮೇಲೆ ಐದಾರು ವರ್ಷದ ಸಂಪತ್ತು. ಸರಕು ಮಾರುಕಟ್ಟೆಗೆ ಬಂದು ಸೋತ ದಿನ ಆ ಸಂಪತ್ತೆಲ್ಲ ಒಮ್ಮೆಗೇ ನಷ್ಟವಾಗಿ ಹೊರಬೀಳುತ್ತದೆ. ನಿಲ್ಲಿಸಬೇಕಾದ ಕೆಲಸವನ್ನು ನಿಲ್ಲಿಸಲು ಆಡಳಿತಗಾರರಿಗೆ ಮನಸ್ಸು ಬಾರದಿರುವುದಕ್ಕೆ ಈ ವಿಧಾನವೂ ಒಂದು ಕಾರಣ. ‘ಲೈಫ್ ಬೈ ಯು’ವನ್ನು ಬಿಡುಗಡೆಗೆ ಮೊದಲೇ ನಿಲ್ಲಿಸಿದ್ದು ಆ ದೃಷ್ಟಿಯಿಂದ ನೋವಿನ, ಆದರೆ ಪ್ರಾಮಾಣಿಕವಾದ ನಿರ್ಧಾರ. ‘ಬ್ಲಡ್‌ಲೈನ್ಸ್ 2’ ವಿಷಯದಲ್ಲಿ ಆ ಧೈರ್ಯ 2021ರಲ್ಲಿಯೇ ಬರಬೇಕಿತ್ತು.

ಸೋತ ಆಟಗಳೆಲ್ಲ ಕೆಟ್ಟವೆಂದು ಹೇಳಲಾಗದು. ಅವು ಈ ಸಂಸ್ಥೆಗೆ ಸಲ್ಲದವು. ನಕ್ಷೆಯ ಆಟವನ್ನು ತಯಾರಿಸುವಾಗ ಪ್ಯಾರಡಾಕ್ಸ್‌ನ ಹಿರಿಯರಿಗೆ ಯಾವುದು ಗೆಲ್ಲುತ್ತದೆ, ಯಾವ ದೂರು ಬರುತ್ತದೆ, ಯಾವ ಪುರವಣಿ ಮಾರಾಟವಾಗುತ್ತದೆ ಎಂಬುದು ಇಪ್ಪತ್ತೈದು ವರ್ಷಗಳ ಅನುಭವದಿಂದ ಗೊತ್ತಿದೆ. ಕಥಾಪ್ರಧಾನ ಸಾಹಸದ ಆಟದಲ್ಲಿ ಅವರು ಹೊಸಬರು. ಎದುರಿಗೆ ಹತ್ತು ಪಟ್ಟು ಬಂಡವಾಳದವರು. ತನ್ನ ಸರಕನ್ನು ತಾನೇ ತೂಗಿ ನೋಡಲಾರದ ವ್ಯಾಪಾರಿ ಅನ್ಯರ ತಕ್ಕಡಿಯನ್ನು ನಂಬಬೇಕಾಗುತ್ತದೆ.

ಹಳೆಯ ಗಿರಾಕಿಯ ದೂರು

ಹಾಗೆಂದು ತನ್ನ ಬೀದಿಯಲ್ಲಿಯೇ ಇರುವವನು ತಪ್ಪು ಮಾಡುವುದಿಲ್ಲವೆಂದಲ್ಲ. ನಿಷ್ಠಾವಂತ ಗಿರಾಕಿಯನ್ನು ಹಿಂಡುವ ಆಸೆ ಕಿರಿದಾದ ಮಾರುಕಟ್ಟೆಯಲ್ಲಿ ಸದಾ ಇರುತ್ತದೆ. ಏಕೆಂದರೆ ಆತನಿಗೆ ಹೋಗಲು ಬೇರೆ ಅಂಗಡಿಯಿಲ್ಲ. 2017ರ ಮೇ ತಿಂಗಳಲ್ಲಿ ಸಂಸ್ಥೆಯು ಹಲವು ದೇಶಗಳಲ್ಲಿ ತನ್ನ ಆಟಗಳ ಬೆಲೆಯನ್ನು ಮುನ್ಸೂಚನೆಯಿಲ್ಲದೆ ಏರಿಸಿತು. ಸ್ಥಳೀಯ ಕೊಳ್ಳುವ ಶಕ್ತಿಗೆ ಹೊಂದಿಸುವ ಕ್ರಮವೆಂಬ ಸಮಜಾಯಿಷಿಯನ್ನು ಯಾರೂ ನಂಬಲಿಲ್ಲ. ಕೆಲವೇ ವಾರಗಳಲ್ಲಿ ಹಳೆಯ ಬೆಲೆಗೆ ಮರಳಬೇಕಾಯಿತು. 2021ರಲ್ಲಿ ಬಂದ ‘ಲೆವಯಾಥನ್’ ಪುರವಣಿಯಲ್ಲಿ ಎಷ್ಟು ದೋಷಗಳಿದ್ದುವೆಂದರೆ ಅದು ಸ್ಟೀಮ್ ಮಳಿಗೆಯಲ್ಲಿ ಗ್ರಾಹಕರಿಂದ ಅತ್ಯಂತ ಕೆಳಮಟ್ಟದ ಅಂಕ ಪಡೆದ ಸರಕುಗಳ ಸಾಲಿಗೆ ಸೇರಿತು.

ಪುರವಣಿ ಪದ್ಧತಿಯೂ ತನ್ನ ಮಿತಿಯನ್ನು ಮುಟ್ಟಿದೆ. ಹತ್ತು ವರ್ಷಗಳಲ್ಲಿ ಇಪ್ಪತ್ತು ಪುರವಣಿಗಳನ್ನು ಹೊತ್ತ ಆಟಕ್ಕೆ ಹೊಸದಾಗಿ ಬರುವ ಯುವಕನಿಗೆ ಒಟ್ಟು ಬಿಲ್ಲು ನೂರಾರು ಡಾಲರ್‌ಗಳಷ್ಟಾಗಿ ಕಾಣಿಸುತ್ತದೆ. ಆತ ಬಾಗಿಲಲ್ಲಿಯೇ ಹಿಂದಿರುಗುತ್ತಾನೆ. ಇದನ್ನು ಸಂಸ್ಥೆ ಅರಿಯದೆ ಇಲ್ಲ. 2021ರಲ್ಲಿ ‘ಯುರೋಪಾ ಯೂನಿವರ್ಸಾಲಿಸ್ 4’ಕ್ಕೆ ತಿಂಗಳ ಚಂದಾ ಪದ್ಧತಿಯನ್ನು ತಂದದ್ದು ಈ ಕಾರಣದಿಂದಲೇ. ಆದರೆ ಚಂದಾದಾರನು ಮಾಲೀಕನಲ್ಲ; ಕೊಟ್ಟ ಹಣಕ್ಕೆ ಆತನ ಬಳಿ ಉಳಿಯುವುದು ಏನೂ ಇಲ್ಲ. ಈ ಪದ್ಧತಿಯನ್ನು ಗ್ರಾಹಕಸ್ನೇಹಿ ಎಂದು ಕರೆಯಲು ಕಷ್ಟ.

ಎಲ್ಲಕ್ಕಿಂತ ಹೆಚ್ಚಿನ ಪೆಟ್ಟು ಬಿದ್ದದ್ದು ‘ಸಿಟೀಸ್’ಗೆ. 2023ರ ಅಕ್ಟೋಬರ್ 24ರಂದು ಬಂದ ಎರಡನೆಯ ಆವೃತ್ತಿಯು ಸಿದ್ಧವಾಗಿರಲಿಲ್ಲ. ದುಬಾರಿ ಕಂಪ್ಯೂಟರುಗಳಲ್ಲಿಯೂ ಅದು ತೆವಳುತ್ತಿತ್ತು. ಬಿಡುಗಡೆಗೆ ಮೊದಲೇ ಸಂಸ್ಥೆಯೇ ಈ ಎಚ್ಚರಿಕೆ ಕೊಟ್ಟಿತ್ತು. ಗೊತ್ತಿದ್ದೂ ದಿನಾಂಕ ಮುಂದೂಡದಿದ್ದುದು ಅಕ್ಷಮ್ಯ. ಮೂಲ ಆಟ ಸರಿಯಾಗುವ ಮುನ್ನವೇ 2024ರ ಮಾರ್ಚಿನಲ್ಲಿ ಕಡಲತೀರದ ಮನೆಗಳ ಪುರವಣಿಯನ್ನು ಮಾರಾಟಕ್ಕಿಟ್ಟಾಗ ಗ್ರಾಹಕರ ಸಿಟ್ಟು ಕಟ್ಟೆಯೊಡೆಯಿತು. ಮರುತಿಂಗಳು ಪ್ರಕಾಶಕರೂ ಸ್ಟುಡಿಯೋದವರೂ ಜಂಟಿಯಾಗಿ ಕ್ಷಮೆ ಕೇಳಿ ಹಣ ವಾಪಸು ಮಾಡಿದರು. ‘ಸಿಮ್‌ಸಿಟಿ’ಯ ತಪ್ಪಿನ ಮೇಲೆ ಮನೆ ಕಟ್ಟಿದವರು ಹತ್ತು ವರ್ಷದಲ್ಲಿ ಅದೇ ತಪ್ಪಿಗೆ ಬಂದು ನಿಂತರು.

ಬೆಂಗಳೂರಿನ ಎಳೆ

ಕರ್ನಾಟಕಕ್ಕೂ ಸ್ಟಾಕ್‌ಹೋಮ್‌ನ ಆಟದ ಉದ್ಯಮಕ್ಕೂ ಒಮ್ಮೆ ನೇರ ಸಂಬಂಧ ಬಂದದ್ದುಂಟು. 1997ರಲ್ಲಿ ರಾಜೇಶ್ ರಾವ್ ಬೆಂಗಳೂರಿನಲ್ಲಿ ಆರಂಭಿಸಿದ ಧ್ರುವ ಇಂಟರಾಕ್ಟಿವ್ ದೇಶದ ಮೊದಲ ಗೇಮ್ ಸ್ಟುಡಿಯೋಗಳಲ್ಲೊಂದು. ವಿದೇಶಿ ಪ್ರಕಾಶಕರ ಆಟಗಳಿಗೆ ಚಿತ್ರ, ಮಾದರಿಗಳನ್ನು ತಯಾರಿಸಿಕೊಡುವ ಗುತ್ತಿಗೆ ಕೆಲಸದಲ್ಲಿ ಅದು ಹೆಸರು ಮಾಡಿತು. 2016ರ ಕೊನೆಯಲ್ಲಿ ಸ್ಟಾಕ್‌ಹೋಮ್‌ನ ಸ್ಟಾರ್‌ಬ್ರೀಜ್ ಸಂಸ್ಥೆ ಅದರ ಬಹುಪಾಲು ಷೇರುಗಳನ್ನು 85 ಲಕ್ಷ ಡಾಲರ್‌ಗೆ ಕೊಳ್ಳಲು ಒಪ್ಪಂದ ಮಾಡಿಕೊಂಡಿತು. ಎರಡು ವರ್ಷ ಕಳೆಯುವುದರೊಳಗೆ ಸ್ಟಾರ್‌ಬ್ರೀಜ್ ತಾನೇ ಹಣಕಾಸಿನ ಬಿಕ್ಕಟ್ಟಿಗೆ ಸಿಲುಕಿ, 2019ರಲ್ಲಿ ಧ್ರುವವನ್ನು ರಾಕ್‌ಸ್ಟಾರ್ ಗೇಮ್ಸ್‌ಗೆ 79 ಲಕ್ಷ ಡಾಲರ್‌ಗೆ ಮಾರಿತು. ಇಪ್ಪತ್ತೆರಡು ವರ್ಷಗಳ ಕೌಶಲವುಳ್ಳ ಸಂಸ್ಥೆಯೊಂದರ ಬೆಲೆ ಇಷ್ಟು. ತನ್ನ ಹೆಸರಿನಲ್ಲಿ ವರ್ಷಾನುಗಟ್ಟಲೆ ಮಾರಾಟವಾಗುವ ಒಂದೇ ಒಂದು ಆಟದ ಹಕ್ಕು ಕೈಯಲ್ಲಿದ್ದಿದ್ದರೆ ಲೆಕ್ಕ ಬೇರೆಯಾಗಿರುತ್ತಿತ್ತು.

ಅನಿಮೇಷನ್ ಮತ್ತು ಗೇಮಿಂಗ್ ಕ್ಷೇತ್ರಕ್ಕೆ ಪ್ರತ್ಯೇಕ ನೀತಿಯನ್ನು ದೇಶದಲ್ಲಿ ಮೊದಲು ರೂಪಿಸಿದ ರಾಜ್ಯ ಕರ್ನಾಟಕ, 2012ರಲ್ಲಿ. 2024ರಲ್ಲಿ ಐದು ವರ್ಷಗಳ ಹೊಸ ನೀತಿಯೂ ಜಾರಿಗೆ ಬಂದಿದೆ. ಉದ್ಯೋಗ ಸೃಷ್ಟಿ, ತರಬೇತಿ, ಮೂಲಸೌಕರ್ಯ ಇವುಗಳ ಬಗೆಗೆ ಇಂಥ ನೀತಿಗಳು ಮಾತನಾಡುವಷ್ಟು ವಿವರವಾಗಿ, ಸಣ್ಣ ಸ್ಟುಡಿಯೋ ತನ್ನ ಆಟದ ಹಕ್ಕನ್ನು ಕೈಬಿಡದೆ ಐದು ವರ್ಷ ಬದುಕುವುದು ಹೇಗೆಂಬ ಬಗೆಗೆ ಮಾತನಾಡುವುದು ಅಪರೂಪ. ಕಲಾಸಲ್ ಆರ್ಡರ್‌ನ ಹದಿಮೂರು ಮಂದಿಗೆ ಬೇಕಾಗಿದ್ದುದು ಭವ್ಯ ಕಟ್ಟಡವಲ್ಲ, ಸಂಬಳಕ್ಕೆ ಮುಂಗಡ ಕೊಟ್ಟು ಕಾಯಬಲ್ಲ ಪ್ರಕಾಶಕ. ಅಂಥ ಮಧ್ಯಮ ಗಾತ್ರದ ಪ್ರಕಾಶಕ ಬೆಂಗಳೂರಿನಲ್ಲಿ ಇನ್ನೂ ಹುಟ್ಟಿಲ್ಲ. ವಿಜಯನಗರದ ವ್ಯಾಪಾರವನ್ನು ವಿಷಯವಾಗಿಸಿಕೊಂಡು ಗಂಭೀರವಾದ ಆಟವನ್ನು ಮಾರಿದವರು ಸ್ವೀಡನ್ನಿನವರು ಎಂಬುದು ಇಲ್ಲಿನ ಉದ್ಯಮಿಗಳಿಗೆ ಕಸಿವಿಸಿ ತರಬೇಕಾದ ಸಂಗತಿ.

ಇತ್ತ ಪ್ಯಾರಡಾಕ್ಸ್ 2025ರ ನಷ್ಟದ ಬಳಿಕ ತನ್ನ ಮೂಲ ಕ್ಷೇತ್ರವಾದ ತಂತ್ರಗಾರಿಕೆ ಮತ್ತು ನಿರ್ವಹಣೆಯ ಆಟಗಳ ಮೇಲೆಯೇ ಗಮನವಿಡುವುದಾಗಿ ಹೇಳಿದೆ. ಹೀಗೆ ಹೇಳಿದ್ದು ಮೊದಲ ಸಲವೇನೂ ಅಲ್ಲ. ಮಾತು ಎಷ್ಟರ ಮಟ್ಟಿಗೆ ನಿಲ್ಲುತ್ತದೆಂಬುದಕ್ಕೆ ಪರೀಕ್ಷೆ ತಾಂಪೆರೆಯಲ್ಲಿಯೇ ನಡೆಯಲಿದೆ. ಅದೇ ನವೆಂಬರಿನಲ್ಲಿ ಪ್ಯಾರಡಾಕ್ಸ್ ಮತ್ತು ಕಲಾಸಲ್ ಆರ್ಡರ್ ಹದಿನೈದು ವರ್ಷಗಳಷ್ಟು ಹಳೆಯ ಸಂಬಂಧವನ್ನು ಕಡಿದುಕೊಂಡವು. ‘ಸಿಟೀಸ್’ನ ಹಕ್ಕು ಪ್ರಕಾಶಕರ ಬಳಿ ಉಳಿಯಿತು, 2026ರ ಆರಂಭದಿಂದ ಅದನ್ನು ಮುಂದುವರಿಸುವ ಹೊಣೆ ಅದೇ ಊರಿನ, 2020ರಲ್ಲಿ ಪ್ಯಾರಡಾಕ್ಸ್ ಕೊಂಡಿದ್ದ ಐಸ್‌ಫ್ಲೇಕ್ ಸ್ಟುಡಿಯೋಗೆ ಹೋಯಿತು. ಆಟವನ್ನು ಕಲ್ಪಿಸಿ ಕಟ್ಟಿದವರು ಈಗ ಬೇರೆ ಕೆಲಸ ಹುಡುಕಿಕೊಳ್ಳಬೇಕಾಗಿದೆ.